ಡಿಪ್ಲೊಮಾದಿಂದ ಬಿ.ಇ.ಗೆ: ತೆಂಗಿನ ನಾಡಿನಲ್ಲಿ ತಾಂತ್ರಿಕ ಪದವಿಯ ಹಾದಿ

ತಾಂತ್ರಿಕ ಕಾಲೇಜೊಂದು ಪದವಿ ಶಿಕ್ಷಣ ಆರಂಭಿಸಲು ಸಜ್ಜಾಗುತ್ತಿದೆ ಎಂಬ ಸುದ್ದಿಯು ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಹೊಸ ಕಟ್ಟಡದ ಶಂಕುಸ್ಥಾಪನೆಯ ಸುದ್ದಿಯಾಗಿಯೇ ಪ್ರಕಟವಾಗುತ್ತದೆ. ಆದರೆ ಡಿಪ್ಲೊಮಾ ಕಲಿಸುವ ಸಂಸ್ಥೆಯನ್ನು ಪದವಿ ಕಾಲೇಜಾಗಿಸುವುದು ಕಟ್ಟಡವಲ್ಲ. ಪದವಿ ಪತ್ರಕ್ಕೆ ಸಹಿ ಹಾಕುವವರು ಯಾರು, ಪಾಠ ಹೇಳುವವರ ಅರ್ಹತೆ ಏನು, ನಾಲ್ಕು ವರ್ಷ ಶುಲ್ಕ ಕಟ್ಟಿ ಓದುವವರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಕಟ್ಟಡಕ್ಕೆ ಅರ್ಥ ಬರುತ್ತದೆ. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗಳು ಕೊಬ್ಬರಿಯ ಬೆಲೆಯೊಂದಿಗೂ ತಳಕು ಹಾಕಿಕೊಂಡಿವೆ.

ಪದವಿ ನೀಡುವ ಅಧಿಕಾರ

ಸಂಯೋಜಿತ ಕಾಲೇಜು ಪದವಿ ನೀಡುವುದಿಲ್ಲ. ಪದವಿ ನೀಡುವುದು ವಿಶ್ವವಿದ್ಯಾಲಯ. ಈ ಸರಳ ಸಂಗತಿ ಮೈಸೂರು ಸಂಸ್ಥಾನಕ್ಕೆ ನೂರು ವರ್ಷಗಳ ಹಿಂದೆಯೇ ಅನುಭವಕ್ಕೆ ಬಂದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕಾಯಿತು. ಸಂಸ್ಥಾನದಲ್ಲಿ ಆಗ ಎಂಜಿನಿಯರಿಂಗ್ ಪದವಿ ಓದಲು ಅವಕಾಶವೇ ಇರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮರುವರ್ಷವೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮೊದಲು ವಿಶ್ವವಿದ್ಯಾಲಯ, ಆಮೇಲೆ ಕಾಲೇಜು ಎಂಬ ಈ ಅನುಕ್ರಮ ಆಕಸ್ಮಿಕವಲ್ಲ. ಆ ಕಾಲೇಜು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಆಡಳಿತಕ್ಕೆ ಸೇರಿ ಯುವಿಸಿಇ ಎಂದು ಹೆಸರಾಯಿತು. ತನ್ನದೇ ಪದವಿ ನೀಡುವ ವಿಶ್ವವಿದ್ಯಾಲಯವಾಗಲು ಅದಕ್ಕೆ 2021ರ ಪ್ರತ್ಯೇಕ ಕಾಯ್ದೆಯೊಂದು ಬೇಕಾಯಿತು.

ತುಮಕೂರು ಜಿಲ್ಲೆಯಲ್ಲಿ ತಾಂತ್ರಿಕ ಪದವಿ ಬಿ.ಎಚ್. ರಸ್ತೆಯ ಗುಂಟ ನಿಧಾನವಾಗಿ ಪಶ್ಚಿಮಕ್ಕೆ ಸಾಗಿತು ಎನ್ನಬಹುದು. 1963ರಲ್ಲಿ ಸಿದ್ಧಗಂಗಾ ಮಠದ ಆಶ್ರಯದಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. 1979ರಲ್ಲಿ ಅದೇ ಊರಿನಲ್ಲಿ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ ಬಂದಿತು. 1986ರಲ್ಲಿ ಕಲ್ಪತರು ವಿದ್ಯಾಸಂಸ್ಥೆಯು ತಿಪಟೂರಿನಲ್ಲಿ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವನ್ನು ತೆರೆಯಿತು. ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದದ್ದು 2001ರಲ್ಲಿ. ಸಂಸ್ಥೆಗೆ ತೆಂಗಿನ ಮರದ ಹೆಸರನ್ನೇ ಇಟ್ಟಿರುವುದು ತಿಪಟೂರಿನವರಿಗೆ ವಿಶೇಷವೆನಿಸದು. ಅಲ್ಲಿ ಸಾಲವೂ ಮದುವೆಯೂ ಆ ಮರದ ಲೆಕ್ಕದಲ್ಲೇ ನಡೆಯುತ್ತವೆ.

1986ರಲ್ಲಿ ಕಾಲೇಜು ತೆರೆಯುವುದಕ್ಕೂ ಇಂದು ತೆರೆಯುವುದಕ್ಕೂ ಅಜಗಜಾಂತರವಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 1945ರಲ್ಲೇ ರಚನೆಯಾಗಿದ್ದರೂ ಅದಕ್ಕೆ ಶಾಸನಬದ್ಧ ಅಧಿಕಾರ ದೊರೆತದ್ದು 1987ರ ಕಾಯ್ದೆಯಿಂದ. ಅಲ್ಲಿಯವರೆಗೆ ರಾಜ್ಯ ಸರ್ಕಾರ ಮತ್ತು ವಿಶ್ವವಿದ್ಯಾಲಯದ ಒಪ್ಪಿಗೆಯೇ ಪ್ರಧಾನವಾಗಿತ್ತು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1998ರಲ್ಲಿ ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕಾರ್ಯಾರಂಭ ಮಾಡಿದ ಬಳಿಕ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಬಂದವು.

ಅನುಮತಿಯ ಮೆಟ್ಟಿಲುಗಳು

ಡಿಪ್ಲೊಮಾ ಸಂಸ್ಥೆಯೊಂದು ಪದವಿ ಮಟ್ಟಕ್ಕೇರಲು ಎಐಸಿಟಿಇ ನಿಯಮಗಳಲ್ಲಿಯೇ ಅವಕಾಶವಿದೆ. ಸಂಸ್ಥೆಯು ಪರಿಷತ್ತಿಗೆ ಆನ್‌ಲೈನ್ ಅರ್ಜಿ ಸಲ್ಲಿಸಬೇಕು, ರಾಜ್ಯ ಸರ್ಕಾರ ಮತ್ತು ಸಂಯೋಜಿಸುವ ವಿಶ್ವವಿದ್ಯಾಲಯದ ಅಭಿಪ್ರಾಯ ಪಡೆಯಬೇಕು, ದಾಖಲೆ ಪರಿಶೀಲನೆಯನ್ನೂ ತಜ್ಞರ ತಪಾಸಣೆಯನ್ನೂ ಎದುರಿಸಬೇಕು. ಪರಿಷತ್ತಿನ ಅನುಮೋದನಾ ಪತ್ರ ಕೈಸೇರಿದರೂ ಕೆಲಸ ಮುಗಿಯುವುದಿಲ್ಲ. ವಿಟಿಯು ತನ್ನ ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳುಹಿಸಿ ಪ್ರಯೋಗಾಲಯ, ಗ್ರಂಥಾಲಯ ಮತ್ತು ಬೋಧಕರ ಪಟ್ಟಿಯನ್ನು ಪರಿಶೀಲಿಸಿದ ನಂತರ ಸಂಯೋಜನೆ ನೀಡುತ್ತದೆ. ಅನಂತರವೇ ಆ ಸೀಟುಗಳು ಸರ್ಕಾರದ ಸೀಟು ಹಂಚಿಕೆ ಪಟ್ಟಿಗೆ ಸೇರಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಕೌನ್ಸೆಲಿಂಗ್‌ನಲ್ಲಿ ಕಾಣಿಸಿಕೊಳ್ಳುತ್ತವೆ.

ಎಂಜಿನಿಯರಿಂಗ್ ಒಂದೇ ದಾರಿಯೂ ಅಲ್ಲ. 2024-25ನೇ ಸಾಲಿನಿಂದ ಬಿಸಿಎ ಮತ್ತು ಬಿಬಿಎ ಕೋರ್ಸ್‌ಗಳನ್ನೂ ಎಐಸಿಟಿಇ ತನ್ನ ಅನುಮೋದನೆಯ ವ್ಯಾಪ್ತಿಗೆ ತಂದಿದೆ. ಯಂತ್ರಾಗಾರಕ್ಕೆ ಬಂಡವಾಳ ಹೂಡುವುದಕ್ಕಿಂತ ಕಂಪ್ಯೂಟರ್ ಕೊಠಡಿ ಸಜ್ಜುಗೊಳಿಸುವುದು ಅಗ್ಗವಾದ್ದರಿಂದ ಆಡಳಿತ ಮಂಡಳಿಗಳಿಗೆ ಈ ಕೋರ್ಸ್‌ಗಳು ಆಕರ್ಷಕವಾಗಿ ಕಾಣುವುದು ಸಹಜ.

ಬೋಧಕರೇ ನಿಜವಾದ ತೊಡಕು

ತಿಂಗಳುಗಳಲ್ಲಿ ಗೋಡೆ ಎಬ್ಬಿಸಬಹುದು, ಬೋಧಕರನ್ನು ಹಾಗೆ ಎಬ್ಬಿಸಲಾಗದು. ಪಾಲಿಟೆಕ್ನಿಕ್‌ನ ಉಪನ್ಯಾಸಕರಿಗೆ ಪ್ರಥಮ ದರ್ಜೆಯ ಬಿ.ಇ. ಪದವಿ ಸಾಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಟೆಕ್. ಕಡ್ಡಾಯ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ ಹುದ್ದೆಗಳಿಗೆ ಪಿಎಚ್.ಡಿ. ಜೊತೆಗೆ ಹಲವು ವರ್ಷಗಳ ಅನುಭವವೂ ಬೇಕು. ಡಿಪ್ಲೊಮಾ ತರಗತಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಹೆಸರು ಗಳಿಸಿದ ಉಪನ್ಯಾಸಕರು ಎಂ.ಟೆಕ್. ಮಾಡಿರದಿದ್ದರೆ, ತಮ್ಮದೇ ಸಂಸ್ಥೆ ಪದವಿ ಕಾಲೇಜಾದ ದಿನ ಅಲ್ಲಿನ ತರಗತಿಗೆ ಅನರ್ಹರಾಗುತ್ತಾರೆ.

ಸಂಖ್ಯೆಯ ಲೆಕ್ಕವೂ ಬದಲಾಗುತ್ತದೆ. ಡಿಪ್ಲೊಮಾದಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬರು, ಪದವಿಯಲ್ಲಿ 20 ವಿದ್ಯಾರ್ಥಿಗಳಿಗೆ ಒಬ್ಬರು ಬೋಧಕರಿರಬೇಕೆಂಬುದು ಪರಿಷತ್ತಿನ ಮಾನದಂಡ. ವರ್ಷಕ್ಕೆ 60 ಸೀಟುಗಳ ಒಂದು ವಿಭಾಗದಲ್ಲಿ ಮೂರು ವರ್ಷದ ಡಿಪ್ಲೊಮಾಕ್ಕೆ 180 ವಿದ್ಯಾರ್ಥಿಗಳು, ಏಳೆಂಟು ಬೋಧಕರು. ನಾಲ್ಕು ವರ್ಷದ ಬಿ.ಇ.ಗೆ 240 ವಿದ್ಯಾರ್ಥಿಗಳು, 12 ಬೋಧಕರು. ಆ ಹನ್ನೆರಡರಲ್ಲೂ ಒಬ್ಬ ಪ್ರಾಧ್ಯಾಪಕರಿಗೆ ಇಬ್ಬರು ಸಹ ಪ್ರಾಧ್ಯಾಪಕರು, ಆರು ಸಹಾಯಕ ಪ್ರಾಧ್ಯಾಪಕರು ಎಂಬ ಅನುಪಾತ ಪಾಲಿಸಬೇಕು. ಪಿಎಚ್.ಡಿ. ಪಡೆದವರು ಬೆಂಗಳೂರನ್ನು ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ನೆಲೆಸುವಂತೆ ಮಾಡುವುದು ಯಾವ ಆಡಳಿತ ಮಂಡಳಿಗೂ ಸುಲಭವಲ್ಲ. ಗುಣಮಟ್ಟದ ಮುದ್ರೆಯೂ ಆರಂಭದಲ್ಲಿ ಸಿಗದು: ಕನಿಷ್ಠ ಎರಡು ತಂಡಗಳು ಪದವಿ ಪಡೆದು ಹೊರಬಂದ ಮೇಲಷ್ಟೇ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆಗೆ ಅರ್ಹತೆ ದೊರೆಯುತ್ತದೆ. ಮೊದಲ ತಂಡದ ವಿದ್ಯಾರ್ಥಿಗಳು ಸಂಸ್ಥೆಯ ಮೇಲಿನ ನಂಬಿಕೆಯಿಂದಲೇ ಸೇರಬೇಕಾಗುತ್ತದೆ.

ಡಿಪ್ಲೊಮಾ ಮುಗಿಸಿದವರ ದಾರಿ

ತುರುವೇಕೆರೆ ಅಥವಾ ಚಿಕ್ಕನಾಯಕನಹಳ್ಳಿ ಕಡೆಯ ರೈತ ಕುಟುಂಬಗಳಲ್ಲಿ ಎಸ್ಸೆಸ್ಸೆಲ್ಸಿ ಆದ ಮಕ್ಕಳನ್ನು ಪಿಯುಸಿ ಬದಲು ಡಿಪ್ಲೊಮಾಗೆ ಸೇರಿಸುವುದಕ್ಕೆ ಕಾರಣ ಸ್ಪಷ್ಟ: ಮೂರು ವರ್ಷದಲ್ಲಿ ಕೈಗೊಂದು ಕೆಲಸ. ಮುಂದೆ ಓದಬೇಕೆನಿಸಿದರೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರಬಹುದು. ಹೀಗಾಗಿ ಪಕ್ಕದ ಪಟ್ಟಣದಲ್ಲೊಂದು ಪದವಿ ಕಾಲೇಜು ಇರುವುದು ಇವರಿಗೆ ಎರಡು ಬಗೆಯಲ್ಲಿ ಅನುಕೂಲ. ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು; ಕಾಯಿ ಕೀಳುವ ಕಾಲಕ್ಕೆ ತೋಟದಲ್ಲೂ ಇರಬಹುದು.

ಹೀಗೆ ನೇರವಾಗಿ ಸೇರಿದವರಿಗೆ ಎದುರಾಗುವ ಗೋಡೆ ಗಣಿತ. ಕಾರ್ಯಾಗಾರದಲ್ಲಿ ಪಿಯುಸಿಯಿಂದ ಬಂದವರಿಗಿಂತ ಮುಂದಿರುವ ಇವರು ಕಲನಶಾಸ್ತ್ರದಲ್ಲಿ ಹಿಂದೆ ಬೀಳುತ್ತಾರೆ. ಇದನ್ನು ಸರಿದೂಗಿಸಲು ವಿಟಿಯು ಡಿಪ್ಲೊಮಾದಿಂದ ಬಂದವರಿಗೆಂದೇ ಹೆಚ್ಚುವರಿ ಗಣಿತ ಪತ್ರಿಕೆಗಳನ್ನು ಇಟ್ಟಿತು. ‘ಮ್ಯಾಟ್‌ಡಿಪ್’ ಎಂಬ ಹೆಸರಿನಲ್ಲಿ ಅವು ಒಂದು ತಲೆಮಾರಿನ ವಿದ್ಯಾರ್ಥಿಗಳ ನಿದ್ದೆಗೆಡಿಸಿದ್ದವು. ಭಾಷೆ ಮತ್ತೊಂದು ತೊಡಕು. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ಅವಕಾಶ ನೀಡಿದರೂ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಸೀಟುಗಳನ್ನು ಕೇಳಿ ಬಂದವರು ತೀರಾ ವಿರಳ. ಕಂಪನಿಗಳ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವಾಗ ಪೋಷಕರ ಹಿಂಜರಿಕೆಯನ್ನು ದೂರುವಂತಿಲ್ಲ.

ಸೀಟು ತುಂಬುವ ಸವಾಲು

ಪದವಿ ಕೋರ್ಸ್‌ಗೆ ಅನುಮತಿ ಸಿಕ್ಕರೆ ಸೀಟುಗಳು ತಾನಾಗಿ ತುಂಬುವ ಕಾಲ ಮುಗಿದಿದೆ. ಹೊಸ ಎಂಜಿನಿಯರಿಂಗ್ ಕಾಲೇಜುಗಳಿಗೆ 2020-21ರಿಂದ ಕೆಲಕಾಲ ತಡೆಯೊಡ್ಡಿದ್ದ ಎಐಸಿಟಿಇ, 2024ರಿಂದ 2027ರವರೆಗಿನ ತನ್ನ ನಿಯಮಾವಳಿಯಲ್ಲಿ ಉತ್ತಮ ಸಾಧನೆಯ ಕಾಲೇಜುಗಳಿಗೆ ಪ್ರವೇಶ ಸಂಖ್ಯೆಯ ಗರಿಷ್ಠ ಮಿತಿಯನ್ನೇ ತೆಗೆದುಹಾಕಿತು. ಬೆಂಗಳೂರಿನ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಂಡಂತೆ, ಅಲ್ಲಿ ಸೀಟು ಸಿಗದೆ ತಾಲ್ಲೂಕು ಕಾಲೇಜುಗಳತ್ತ ಬರುತ್ತಿದ್ದವರ ಸಂಖ್ಯೆ ಕುಗ್ಗುವುದು ಅನಿವಾರ್ಯ. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಿಗೆ ಬೇಡಿಕೆ ಮೊದಲೇ ಇಳಿದಿದೆ. ಹಳ್ಳಿಗಾಡಿಗೆ ಹೆಚ್ಚು ಬೇಕಾದ ವಿಭಾಗಗಳು ಇವೇ ಎಂಬುದು ವಿಪರ್ಯಾಸ.

ಕೊಬ್ಬರಿ ಮತ್ತು ಶುಲ್ಕ

ಇಲ್ಲಿನ ಉಂಡೆ ಕೊಬ್ಬರಿ ಸಿದ್ಧವಾಗಲು ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂಡಿಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡ ಮೇಲೆಯೇ ಅದು ಮಾರುಕಟ್ಟೆಗೆ ಹೋಗುತ್ತದೆ. ಕಾಲೇಜಿನ ಶುಲ್ಕವಾದರೋ ಕೌನ್ಸೆಲಿಂಗ್ ಮುಗಿದ ಕೆಲವೇ ದಿನಗಳಲ್ಲಿ ಕಟ್ಟಬೇಕು. ಬೆಲೆ ಬರಲೆಂದು ಕಾಯುವ ರೈತ ಮಗಳ ಸೀಟಿಗಾಗಿ ಅಟ್ಟ ಖಾಲಿ ಮಾಡಬೇಕಾಗುವುದು ಹೀಗೆ.

ಬೆಲೆಯ ಏರಿಳಿತ ಸಣ್ಣದಲ್ಲ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಅದೇ ಮಾರುಕಟ್ಟೆಯಲ್ಲಿ ದರ 20 ಸಾವಿರ ದಾಟಿತು. 2023ರಲ್ಲಿ ಮಗನನ್ನು ಬಿ.ಇ.ಗೆ ಸೇರಿಸಿದ ಕುಟುಂಬವೂ 2025ರಲ್ಲಿ ಸೇರಿಸಿದ ಕುಟುಂಬವೂ ಒಂದೇ ಪದವಿಗೆ ತೆತ್ತ ಕೊಬ್ಬರಿಯ ತೂಕ ಒಂದೇ ಆಗಿರಲಾರದು.

ತೋಟಕ್ಕೂ ತರಗತಿಗೂ ಪಠ್ಯಕ್ರಮದಲ್ಲಿ ನಂಟು ಕಡಿಮೆ. ಮರ ಹತ್ತುವವರ ಕೊರತೆ, ಕಾಯಿ ಸುಲಿಯುವ ಯಂತ್ರ, ನಾರಿನ ಘಟಕ, ಕರಟದ ಇದ್ದಿಲು ಎಲ್ಲವೂ ಎಂಜಿನಿಯರಿಂಗ್ ಸಮಸ್ಯೆಗಳೇ. ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಮಾತ್ರ ಇವುಗಳಿಗೆ ಜಾಗ ಸಿಗುತ್ತದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಇಂತಹ ವಿದ್ಯಾರ್ಥಿ ಯೋಜನೆಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತಿದೆ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿರುವುದರಿಂದ ಸಲಹೆಗೆ ದೂರ ಹೋಗಬೇಕಾಗಿಯೂ ಇಲ್ಲ.

ಪೋಷಕರು ಗಮನಿಸಬೇಕಾದದ್ದು

ಹೊಸದಾಗಿ ಪದವಿ ಆರಂಭಿಸುವ ಕಾಲೇಜಿಗೆ ಸೇರುವ ಮುನ್ನ ಆ ಸಾಲಿನ ಎಐಸಿಟಿಇ ಅನುಮೋದನಾ ಪತ್ರ ಮತ್ತು ವಿಟಿಯು ಸಂಯೋಜನಾ ಆದೇಶ, ಎರಡನ್ನೂ ಕೇಳಿ ನೋಡಬೇಕು. ‘ಅನುಮತಿ ಬರಲಿದೆ’ ಎಂಬ ಮಾತಿನ ಮೇಲೆ ಹಣ ಕಟ್ಟಬಾರದು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇವೆ. ಇವಕ್ಕೆ ವ್ಯಾಸಂಗ ಪ್ರಮಾಣಪತ್ರಗಳು ಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಶೇ 5ರಷ್ಟು ಹೆಚ್ಚುವರಿ ಸೀಟುಗಳಿಗೂ ಪ್ರಯತ್ನಿಸಬಹುದು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಮಾಡಿಸಿಕೊಂಡರೆ ದಾಖಲೆ ಪರಿಶೀಲನೆಯ ದಿನ ಓಡಾಟ ತಪ್ಪುತ್ತದೆ.