ಹಾರುವ ಬ್ಯಾಟರಿಯ ಕೊಂಡಿ

ಎಲೆಕ್ಟ್ರಿಕ್ ಮಾದರಿ ವಿಮಾನದ ಬ್ಯಾಟರಿಯನ್ನು ಪ್ರತಿ ಹಾರಾಟಕ್ಕೂ ಕೂಡಿಸಬೇಕು, ಇಳಿದ ಮೇಲೆ ಬಿಡಿಸಬೇಕು. ಆ ಕೆಲಸಕ್ಕಿರುವ ಕನೆಕ್ಟರ್ ಕಳೆದ ಅರ್ಧ ಶತಮಾನದಲ್ಲಿ ನಾಲ್ಕೈದು ಬಾರಿ ರೂಪ ಬದಲಿಸಿದೆ. ಬ್ಯಾಟರಿಯ ಬಗೆ ಬದಲಾದಾಗಲೆಲ್ಲ ಹಳೆಯ ಕನೆಕ್ಟರ್ ಬಿಸಿಯಾಗಿ ಕೈಕೊಟ್ಟಿದೆ.

1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಅವರ ‘ರೇಡಿಯೊ ಕ್ವೀನ್’ ಬೆಳ್ಳಿ-ಸತು ಬ್ಯಾಟರಿಯ ಬಲದಿಂದ ಹಾರಿತು. ರೇಡಿಯೊ ನಿಯಂತ್ರಣದ ಎಲೆಕ್ಟ್ರಿಕ್ ಮಾದರಿಯ ಮೊದಲ ಅಧಿಕೃತ ಹಾರಾಟವೆಂದು ಅದು ದಾಖಲಾಗಿದೆ. ಆಮೇಲೆ ಬಂದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಪ್ರತಿ ಸೆಲ್‌ಗೆ 1.2 ವೋಲ್ಟ್. ಆರು ಸೆಲ್ ಸೇರಿಸಿದ 7.2 ವೋಲ್ಟಿನ ಪ್ಯಾಕ್ ಆಟಿಕೆ ಕಾರುಗಳ ಜೊತೆಗೇ ಬಂತು, ಅದರ ತುದಿಯಲ್ಲಿ ಟಾಮಿಯಾ ಹೆಸರಿನ ಬಿಳಿ ನೈಲಾನ್ ಕನೆಕ್ಟರ್ ಇತ್ತು. ಹದಿನೈದು ಆಂಪಿಯರ್ ಆಸುಪಾಸಿನವರೆಗೆ ಅದು ಸಾಕು. ವಿಮಾನದ ಮೋಟರ್ ಅದಕ್ಕಿಂತ ಹೆಚ್ಚು ಎಳೆಯತೊಡಗಿದಾಗ ನೈಲಾನ್ ಮೆತ್ತಗಾಯಿತು.

ಇದರ ಲೆಕ್ಕ ಸರಳ. ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಕೂಡುವ ಜಾಗದ ಬಿಸಿ ನಾಲ್ಕು ಪಟ್ಟಾಗುತ್ತದೆ. ಒಂದು ಮಿಲಿಓಮ್ ರೋಧವಿರುವ ಒಳ್ಳೆಯ ಕನೆಕ್ಟರ್‌ನಲ್ಲಿ 40 ಆಂಪಿಯರ್ ಹರಿದರೆ 1.6 ವಾಟ್ ವ್ಯರ್ಥ. ಸಡಿಲವಾಗಿ ರೋಧ ಐದು ಮಿಲಿಓಮ್‌ಗೆ ಏರಿದರೆ 8 ವಾಟ್, ಅದೂ ಬೆರಳ ತುದಿಯಷ್ಟು ಜಾಗದಲ್ಲಿ.

ಪರಿಹಾರಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ಆಂಡರ್ಸನ್ ಪವರ್‌ಪೋಲ್‌ನಲ್ಲಿ ಗಂಡು-ಹೆಣ್ಣು ಭೇದವಿಲ್ಲ, ಯಾವ ತುದಿಯೂ ಯಾವುದಕ್ಕೂ ಕೂಡುತ್ತದೆ. ಡೀನ್ಸ್ ಕಂಪನಿಯ ಕೆಂಪು ಕನೆಕ್ಟರ್‌ನಲ್ಲಿ ಎರಡು ಚಪ್ಪಟೆ ಪಟ್ಟಿಗಳು ಟಿ ಆಕಾರದಲ್ಲಿ ಕೂರುತ್ತವೆ. ಪ್ಲಸ್-ಮೈನಸ್ ಅದಲುಬದಲಾಗುವ ಭಯವಿಲ್ಲ. ಬಹಳ ವರ್ಷ ಅದೇ ಮೇಲುಗೈ ಪಡೆದಿತ್ತು. ಆದರೆ ಬೆಸುಗೆ ಹಾಕುವಾಗ ಕಾವು ಸ್ವಲ್ಪ ಹೆಚ್ಚಾದರೂ ಪಟ್ಟಿ ವಾಲುತ್ತಿತ್ತು, ಗಟ್ಟಿಯಾಗಿ ಕೂತದ್ದನ್ನು ಬಿಡಿಸಲು ಕೈಗೆ ಹಿಡಿತವೇ ಸಿಗುತ್ತಿರಲಿಲ್ಲ.

ಲಿಥಿಯಂ-ಪಾಲಿಮರ್ ಬ್ಯಾಟರಿ ಬಂದ ಮೇಲೆ ಸಣ್ಣ ಪ್ಯಾಕ್ ಕೂಡ ಸಲೀಸಾಗಿ ಹತ್ತಾರು ಆಂಪಿಯರ್ ಕೊಡತೊಡಗಿತು. ಆಗ ಚೀನಾದ ಅಮಾಸ್ ಕಂಪನಿಯ ಹಳದಿ ಎಕ್ಸ್‌ಟಿ60 ಮಾರುಕಟ್ಟೆ ಹಿಡಿಯಿತು. ಒಳಗಿರುವುದು 3.5 ಮಿಲಿಮೀಟರಿನ ಬುಲೆಟ್ ಪಿನ್ನೇ, ಅದರಲ್ಲಿ ಹೊಸತೇನಿಲ್ಲ. ಅದರ ಗೆಲುವು ಹೊರಕವಚದ್ದು: ಬೆಸುಗೆಯ ಕಾವು ತಡೆಯುತ್ತದೆ, ಒಂದು ಬದಿಯ ಮೂಲೆಗಳು ಓರೆಯಾಗಿ ಕತ್ತರಿಸಿದಂತಿರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ, ಬೆಲೆಯೂ ಕಡಿಮೆ. ಬ್ಯಾಟರಿ ಕಡೆಗೆ ಯಾವಾಗಲೂ ಹೆಣ್ಣು ತುದಿ ಹಾಕುವ ರೂಢಿ ಹಳೆಯದು. ಚಾರ್ಜ್ ಇರುವ ಕಡೆ ಪಿನ್ ಹೊರಗೆ ಕಂಡರೆ ಶಾರ್ಟ್ ಆಗಲು ಒಂದು ಕೀಲಿಕೈ ತಗುಲಿದರೂ ಸಾಕು.

ಕರ್ನಾಟಕದಲ್ಲಿ ಕನೆಕ್ಟರ್ ಆಯ್ಕೆಯ ಎರಡು ಕೊನೆಗಳೂ ಕಾಣುತ್ತವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಬ್ಲ್ಯಾಕ್ ಕೈಟ್’ ಸುಮಾರು 300 ಮಿಲಿಮೀಟರ್ ರೆಕ್ಕೆಯ ಸೂಕ್ಷ್ಮ ವಿಮಾನ. ಆ ಗಾತ್ರದಲ್ಲಿ ಆಂಪಿಯರ್‌ಗಿಂತ ಗ್ರಾಂ ಲೆಕ್ಕವೇ ಮುಖ್ಯ. ಇನ್ನೊಂದು ಕೊನೆ ಭಾರ ಹೊರುವ ಕೃಷಿ ಡ್ರೋನ್. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಆರು ಮೋಟರಿನ ಔಷಧಿ ಸಿಂಪಡಿಸುವ ಡ್ರೋನ್ ತಯಾರಿಸಿ ಶೇಂಗಾ, ಭತ್ತದ ಮೇಲೆ ಪರೀಕ್ಷಿಸಿತು. 2017ರಲ್ಲಿ ವರದಿಯಾದ ಆ ಯಂತ್ರಕ್ಕೆ ಐದು ಲೀಟರ್ ಟ್ಯಾಂಕ್, ಆರು ಸೆಲ್‌ನ 8000 ಮಿಲಿಆಂಪಿಯರ್-ಅವರ್ ಬ್ಯಾಟರಿ ಎರಡು.

ಆರು ಸೆಲ್ ಪೂರ್ತಿ ತುಂಬಿದರೆ 25.2 ವೋಲ್ಟ್. ಪ್ಲಗ್ ಕೂಡಿಸುವ ಕ್ಷಣದಲ್ಲಿ ಮೋಟರ್ ನಿಯಂತ್ರಕದ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ ಚಟ್ಟೆಂದು ಕಿಡಿ ಹಾರಿ ಪಿನ್ನಿನ ಚಿನ್ನದ ಲೇಪ ಕರಕಲಾಗುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಕಡೆಯಂಥ ಭತ್ತದ ಬಯಲಲ್ಲಿ ಬದುವಿನ ಮೇಲೆ ದಿನವಿಡೀ ಬ್ಯಾಟರಿ ಬದಲಿಸುತ್ತಿದ್ದರೆ ಈ ಸವೆತ ಬೇಗ ಕಾಣುತ್ತದೆ. ಎಕ್ಸ್‌ಟಿ90-ಎಸ್, ಎಎಸ್150 ಮಾದರಿಗಳು ಇದಕ್ಕೆಂದೇ ಬಂದವು: ಪಿನ್ನಿನ ಮೊದಲ ಸ್ಪರ್ಶ ಒಳಗಿನ ರೆಸಿಸ್ಟರ್ ಮೂಲಕ ಆಗುತ್ತದೆ, ಕೆಪಾಸಿಟರ್ ನಿಧಾನ ತುಂಬುತ್ತದೆ, ಪೂರ್ತಿ ಒತ್ತಿದಾಗಷ್ಟೇ ನೇರ ಸಂಪರ್ಕ. ಎಎಸ್150ರಲ್ಲಿ ಎರಡು ತಂತಿಗೂ ಬೇರೆ ಬೇರೆ ಕನೆಕ್ಟರ್. ಮೊದಲು ಕಪ್ಪು, ಆಮೇಲೆ ಕೆಂಪು. ಎರಡು ಬ್ಯಾಟರಿಯನ್ನು ಸಮಾಂತರವಾಗಿ ಜೋಡಿಸುವಾಗ ಮಾತ್ರ ಯಾವ ಕನೆಕ್ಟರ್ ಇದ್ದರೂ ಮೊದಲು ಮೀಟರ್ ಹಿಡಿದು ಎರಡರ ವೋಲ್ಟೇಜ್ ನೋಡಬೇಕು. ಒಂದು ತುಂಬಿ ಇನ್ನೊಂದು ಖಾಲಿಯಿದ್ದರೆ ಪ್ರವಾಹ ಮೋಟರಿಗೆ ಹೋಗುವ ಮೊದಲೇ ಖಾಲಿ ಪ್ಯಾಕಿನೊಳಗೆ ನುಗ್ಗುತ್ತದೆ.