ತಿದಿಯ ತೂತು ಮತ್ತು ಒಂದು ಕ್ಯಾಮೆರಾದ ಹುಟ್ಟು

ಕಮ್ಮಾರನ ಕುಲುಮೆಗೊಂದು ತಿದಿ, ಹಾರ್ಮೋನಿಯಂಗೊಂದು ತಿದಿ. ಹಳೆಯ ಸ್ಟುಡಿಯೋ ಕ್ಯಾಮೆರಾಕ್ಕೂ ಒಂದು ತಿದಿ ಇತ್ತು. ಮೊದಲೆರಡು ಗಾಳಿಯನ್ನು ಹಿಡಿದಿಡಬೇಕು, ಮೂರನೆಯದು ಬೆಳಕನ್ನು ಹೊರಗೇ ತಡೆಯಬೇಕು. ಕೆಲಸ ಬೇರೆಯಾದರೂ ಮಡಿಕೆಯ ಕಸುಬು ಒಂದೇ. ಈ ನಂಟಿನಿಂದಲೇ ನಮ್ಮ ನೆರೆಯ ಕೇರಳದಲ್ಲಿ ಒಂದು ಕ್ಯಾಮೆರಾ ಹುಟ್ಟಿತು.

ಆರಂಭದ ಕ್ಯಾಮೆರಾಗಳು ಒಂದರೊಳಗೊಂದು ಜಾರುವ ಮರದ ಪೆಟ್ಟಿಗೆಗಳಾಗಿದ್ದವು. 1850ರ ದಶಕದಲ್ಲಿ ಮಡಚುವ ತಿದಿ ಬಳಕೆಗೆ ಬಂದ ಮೇಲೆ ಕ್ಯಾಮೆರಾ ಹಗುರವಾಯಿತು, ಹೊತ್ತೊಯ್ಯುವುದೂ ಸುಲಭವಾಯಿತು. ಹೊರಗೆ ತೆಳು ಚರ್ಮ, ಒಳಗೆ ಕಪ್ಪು ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು: ತಿದಿಯ ಸಾಮಾನ್ಯ ರಚನೆ ಇದು. ತೆರೆದು ಮುಚ್ಚಿ ಮಡಿಕೆಯ ಮೂಲೆಗಳು ಮೊದಲು ಸವೆಯುತ್ತವೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು, ಒಳನುಗ್ಗಿದ ಬೆಳಕು ಪಟದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಗಾಳಿ ಸೋರುವ ಹಾರ್ಮೋನಿಯಂ ಹೇಗೋ ನುಡಿದೀತು. ಬೆಳಕು ಸೋರುವ ಕ್ಯಾಮೆರಾ ಮುಖವನ್ನೇ ಅಳಿಸಿಬಿಡುತ್ತದೆ.

ತೂತು ಹುಡುಕುವ ಉಪಾಯ ಸರಳವಾದುದು. ಕತ್ತಲ ಕೋಣೆಯಲ್ಲಿ ತಿದಿಯನ್ನು ಪೂರ್ತಿ ಎಳೆದು, ಒಳಗೊಂದು ದೀಪವಿಟ್ಟು ಹೊರಗಿನಿಂದ ನೋಡಬೇಕು. ತೂತಿದ್ದಲ್ಲಿ ನಕ್ಷತ್ರ ಮಿನುಗುತ್ತದೆ. ಸಣ್ಣದಾದರೆ ಒಣಗಿದ ಮೇಲೂ ಬಾಗುವಂಥ ಕಪ್ಪು ಲೇಪ; ದೊಡ್ಡದಾದರೆ ತೆಳುವಾದ ಕಪ್ಪು ಬಟ್ಟೆಯ ತೇಪೆ. ತೇಪೆ ದಪ್ಪವಾದರೆ ತಿದಿ ಮಡಚದು, ಬಲವಂತ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು. ತುರ್ತಿಗೆ ಫೋಟೋಗ್ರಾಫರು ತಾವು ತಲೆಗೆ ಹೊದ್ದುಕೊಳ್ಳುವ ಕಪ್ಪು ಬಟ್ಟೆಯನ್ನೇ ತಿದಿಯ ಮೇಲೂ ಹೊದಿಸುತ್ತಿದ್ದರು.

ಆದರೆ ಇಡೀ ತಿದಿಯೇ ಹಾಳಾದರೆ? 1940ರ ದಶಕದಲ್ಲಿ ಆಲಪ್ಪುಳದ ಫೋಟೋಗ್ರಾಫರೊಬ್ಬರಿಗೆ ಈ ಕಷ್ಟ ಬಂತು. ಆಗ ಕ್ಯಾಮೆರಾಗಳು ಹೆಚ್ಚಾಗಿ ವಿದೇಶದಿಂದಲೇ ಬರುತ್ತಿದ್ದವು. ಅವರು ಹೋದದ್ದು ಸಂಗೀತ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದ ಕುಂಞುಕುಂಞು ಭಾಗವತರ ಬಳಿಗೆ. ಹಾರ್ಮೋನಿಯಂ ತಿದಿ ಬಲ್ಲ ಕೈಗೆ ಕ್ಯಾಮೆರಾದ ತಿದಿ ಅಪರಿಚಿತವಾಗುವುದುಂಟೆ? ಭಾಗವತರ ಮಗ ಕೆ. ಕರುಣಾಕರನ್ ಅದನ್ನು ಸರಿಪಡಿಸಿದರು. ತಿದಿ ಮಾಡಬಲ್ಲವನು ಕ್ಯಾಮೆರಾವನ್ನೇ ಏಕೆ ಮಾಡಬಾರದು ಎಂಬ ಮಾತು ಬಂತು. ಹಾಗೆ ತಯಾರಾದದ್ದು ತೇಗದ ಮರ, ಹಿತ್ತಾಳೆಯ 'ವಾಗೀಶ್ವರಿ' ಕ್ಯಾಮೆರಾ. ಲೆನ್ಸ್ ಹೊರಗಿನದು, ಉಳಿದುದು ಆಲಪ್ಪುಳದ ಕೈಗಳದು. ಅದು ದೇಶದ ಅನೇಕ ಸ್ಟುಡಿಯೋಗಳನ್ನು ಸೇರಿತು. ಸಣ್ಣ ಕ್ಯಾಮೆರಾಗಳೂ ಬಣ್ಣದ ಫಿಲ್ಮೂ ಬಂದು 1980ರ ದಶಕದಲ್ಲಿ ಅದರ ಕಾಲ ಮುಗಿಯಿತು.

ರಿಪೇರಿಯವನನ್ನು ನಾವು ಕುಶಲಕರ್ಮಿ ಎನ್ನುತ್ತೇವೆ, ಸಂಶೋಧಕ ಎನ್ನುವುದಿಲ್ಲ. ಆದರೆ ಬಿಚ್ಚಿ ನೋಡಿದವನಿಗಲ್ಲವೆ ಕಟ್ಟುವ ಗುಟ್ಟು ತಿಳಿಯುವುದು? ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರದು ಎಂದು ಉಳಿದಿರುವುದು ಎಷ್ಟೋ ಸಲ ಒಂದೇ ಒಂದು ಪಟ. ತೆಗೆದ ಸ್ಟುಡಿಯೋದ ಹೆಸರು ಅದರ ಹಿಂದೆ ಮುದ್ರೆಯಾಗಿರುತ್ತದೆ. ಆ ಮುಖದ ಮೇಲೆ ಬೆಳಕು ಸೋರದಂತೆ ತೇಪೆ ಹಚ್ಚಿದವರ ಹೆಸರನ್ನು ನಾವು ಎಲ್ಲಿಯೂ ಬರೆದಿಡಲಿಲ್ಲ. ಕರುಣಾಕರನ್ ಅವರ ಹೆಸರು ಉಳಿದದ್ದು ಅವರು ಕ್ಯಾಮೆರಾ ಕಟ್ಟಿದ್ದರಿಂದ; ತಿದಿ ಮಾತ್ರ ಸರಿಪಡಿಸಿದ್ದರೆ ಅದೂ ಉಳಿಯುತ್ತಿರಲಿಲ್ಲ.