ತರಗತಿಗಳ ನಡುವಣ ಆನ್‌ಲೈನ್ ಸಹಯೋಗ

ಬೇರೆ ಬೇರೆ ಊರು ಅಥವಾ ದೇಶಗಳ ಶಾಲಾ ಮಕ್ಕಳು ಕಂಪ್ಯೂಟರ್ ಜಾಲದ ಮೂಲಕ ಒಂದೇ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮಾಹಿತಿ ಕಲೆಹಾಕಿ, ಪರಸ್ಪರರ ಬರಹವನ್ನು ಓದಿ ತಿದ್ದಿ, ವರದಿಯನ್ನೋ ನಕಾಶೆಯನ್ನೋ ಜಾಲಪುಟವನ್ನೋ ಕೂಡಿ ಸಿದ್ಧಪಡಿಸುವ ಬೋಧನಾಕ್ರಮ. ದೂರಶಿಕ್ಷಣಕ್ಕೂ ಇದಕ್ಕೂ ಮೂಲದಲ್ಲೇ ಅಂತರವಿದೆ. ದೂರಶಿಕ್ಷಣದಲ್ಲಿ ಪಾಠ ಒಂದು ಕಡೆಯಿಂದ ಹರಿದುಬರುತ್ತದೆ. ಇಲ್ಲಿ ಎರಡೂ ಕಡೆ ಶಿಕ್ಷಕರಿರುತ್ತಾರೆ, ಎರಡೂ ಕಡೆ ಕೆಲಸ ನಡೆಯುತ್ತದೆ. ನಾಲ್ಕು ದಶಕಗಳಲ್ಲಿ ಮೋಡೆಮ್, ವೆಬ್, ವಿಕಿ, ಮೊಬೈಲ್ ಒಂದರ ಹಿಂದೊಂದು ಬಂದವು. ಯೋಜನೆಗಳು ನೆಲೆನಿಂತದ್ದು ಮಾತ್ರ ಆಚೆಯ ತರಗತಿಯಲ್ಲಿ ಉತ್ತರಕ್ಕಾಗಿ ಕಾಯುವ ಶಿಕ್ಷಕರು ಇದ್ದಲ್ಲಿ.

ಈ ಕ್ರಮದ ಬೇರು ಕಂಪ್ಯೂಟರ್‌ಗಿಂತ ಹಳೆಯದು. ಫ್ರಾನ್ಸಿನ ಸೆಲೆಸ್ತಿನ್ ಫ್ರೆನೆ (1896–1966) ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯಮಾಡಿಕೊಂಡು ಬಂದವರು. ಗಂಟೆಗಟ್ಟಲೆ ಏರುದನಿಯಲ್ಲಿ ಪಾಠ ಹೇಳುವ ಶಕ್ತಿ ಅವರಿಗೆ ಉಳಿದಿರಲಿಲ್ಲ. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸ್ಯೂರ್-ಲೂ ಹಳ್ಳಿಯ ಶಾಲೆ ಸೇರಿದ ಅವರು, ಕೆಲವು ವರ್ಷಗಳಲ್ಲಿ ಒಂದು ಸಣ್ಣ ಕೈಮುದ್ರಣ ಯಂತ್ರವನ್ನು ತರಗತಿಗೇ ತಂದರು. ಮಕ್ಕಳು ತಮ್ಮ ಊರು, ಮನೆ, ಹೊಲಗಳ ಬಗ್ಗೆ ತಾವೇ ಬರೆದದ್ದನ್ನು ಒಟ್ಟಾಗಿ ತಿದ್ದಿ, ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು. 1920ರ ದಶಕದ ನಡುವೆ ಈ ಹಾಳೆಗಳು ದೇಶದ ಇನ್ನೊಂದು ತುದಿಗೆ, ಬ್ರಿಟನಿಯ ಟ್ರೆಗಂಕ್ ಎಂಬಲ್ಲಿದ್ದ ರೆನೆ ಡೇನಿಯಲ್ ಎಂಬ ಶಿಕ್ಷಕರ ತರಗತಿಗೆ ಅಂಚೆಯಲ್ಲಿ ಹೋಗತೊಡಗಿದವು. ಬೆಟ್ಟದ ಊರಿನ ಮಕ್ಕಳ ಬರಹಕ್ಕೆ ಕಡಲತೀರದ ಮಕ್ಕಳು ಓದುಗರಾದರು. ಶಿಕ್ಷಕರ ಕೆಂಪು ಶಾಯಿಗೆ ಹೆದರಿ ಬರೆಯುವುದಕ್ಕೂ, ನಮ್ಮೂರು ಹೇಗಿದೆಯೆಂದು ತಿಳಿಯಲು ಕಾದಿರುವ ಇನ್ನೊಂದು ಮಗುವಿಗೆ ಬರೆಯುವುದಕ್ಕೂ ಇರುವ ಅಂತರವನ್ನು ಫ್ರೆನೆ ಕಂಡುಕೊಂಡರು. ಮುಂದೆ ಬಂದ ಎಲ್ಲ ಆನ್‌ಲೈನ್ ಯೋಜನೆಗಳ ತಳದಲ್ಲಿ ಇರುವುದು ಈ ಕಾಣ್ಕೆಯೇ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಆರಂಭಿಸಿದ ಪ್ಲೇಟೊ ಕಂಪ್ಯೂಟರ್ ವ್ಯವಸ್ಥೆ ಪಾಠ ಹೇಳುವ ಯಂತ್ರವಾಗಿ ಹುಟ್ಟಿತು. 1973ರಲ್ಲಿ ಅದಕ್ಕೆ ಟಿಪ್ಪಣಿ ಹಂಚಿಕೊಳ್ಳುವ, ಹರಟುವ ಸೌಲಭ್ಯಗಳು ಸೇರಿದವು. ಶಾಲೆಗಳ ಮಟ್ಟದಲ್ಲಿ ನಿಜವಾದ ಆರಂಭವಾದದ್ದು 1980ರ ದಶಕದಲ್ಲಿ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಸುತ್ತಮುತ್ತ. ಅಲ್ಲಿ ಅಲ್ ರಾಜರ್ಸ್ ರೂಪಿಸಿದ ಫ್ರೆಡ್‌ಮೇಲ್ ಜಾಲದಲ್ಲಿ ಶಾಲೆಗಳ ಆಪಲ್ ಕಂಪ್ಯೂಟರ್‌ಗಳು ದೂರವಾಣಿ ದರ ಇಳಿಯುವ ರಾತ್ರಿಹೊತ್ತಿನಲ್ಲಿ ಒಂದಕ್ಕೊಂದು ಕರೆಮಾಡಿ ಪತ್ರಗಳನ್ನು ದಾಟಿಸುತ್ತಿದ್ದವು. ಅದೇ ನಗರದ ಸಂಶೋಧಕರಾದ ಜೇಮ್ಸ್ ಲೆವಿನ್ ಮತ್ತು ಮಾರ್ಗರೆಟ್ ರೀಲ್ ತಮ್ಮ ಸಂಗಡಿಗರೊಂದಿಗೆ ಕ್ಯಾಲಿಫೋರ್ನಿಯ, ಅಲಾಸ್ಕ, ಮೆಕ್ಸಿಕೊ, ಜಪಾನ್, ಇಸ್ರೇಲ್‌ಗಳ ತರಗತಿಗಳನ್ನು ಬೆಸೆದರು. 1985ರಲ್ಲಿ ಡೆನಿಸ್ ಸೇಯರ್ಸ್ ಮತ್ತಿತರರು ಆರಂಭಿಸಿದ ‘ದೆ ಒರಿಯ ಅ ಒರಿಯ’ ಯೋಜನೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬಳಸುವ ತರಗತಿಗಳನ್ನು ಜೋಡಿಜೋಡಿಯಾಗಿ ಕಟ್ಟಿತು. ಅದರ ಪ್ರವರ್ತಕರು ಫ್ರೆನೆಯ ಋಣವನ್ನು ತೆರೆದ ಮನಸ್ಸಿನಿಂದ ಹೇಳಿಕೊಂಡಿದ್ದಾರೆ.

ಈ ಕಾಲದ ಪ್ರಯೋಗಗಳಲ್ಲಿ ಲೆವಿನ್ ತಂಡದ ‘ಮಧ್ಯಾಹ್ನದ ನೆರಳು’ ಯೋಜನೆ ಅತ್ಯಂತ ಅಚ್ಚುಕಟ್ಟಾದುದು. ಬೇರೆ ಬೇರೆ ಅಕ್ಷಾಂಶಗಳಲ್ಲಿರುವ ಶಾಲೆಗಳ ಮಕ್ಕಳು ಒಂದೇ ದಿನ, ಸೂರ್ಯ ತಮ್ಮೂರಿನ ನೆತ್ತಿಗೆ ಅತಿ ಸಮೀಪ ಬಂದ ಹೊತ್ತಿನಲ್ಲಿ, ನೆಟ್ಟಗೆ ನಿಲ್ಲಿಸಿದ ಮೀಟರ್ ಕೋಲಿನ ನೆರಳನ್ನು ಅಳೆದು ಅಂಕಿಯನ್ನು ಜಾಲದಲ್ಲಿ ಕಳಿಸುತ್ತಿದ್ದರು. ಎರಡು ಊರುಗಳ ಸೂರ್ಯಕೋನದ ವ್ಯತ್ಯಾಸ, ಆ ಊರುಗಳ ನಡುವಣ ಉತ್ತರ–ದಕ್ಷಿಣ ದೂರ ಇವೆರಡು ಸಿಕ್ಕರೆ ಸರಳ ಅನುಪಾತದಿಂದ ಭೂಮಿಯ ಸುತ್ತಳತೆ ಬರುತ್ತದೆ. ಎರಟೊಸ್ತನೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೇ ಇದು. ಖರ್ಚು ಒಂದು ಕೋಲು ಮತ್ತು ಒಂದು ಅಳತೆಪಟ್ಟಿ. ಒಂದೇ ಶಾಲೆ ಎಷ್ಟು ಜಾಣತನ ತೋರಿದರೂ ಈ ಲೆಕ್ಕವನ್ನು ಒಬ್ಬಂಟಿಯಾಗಿ ಮುಗಿಸಲಾರದು. ಸಹಯೋಗವನ್ನು ಮೇಲಿನಿಂದ ಅಂಟಿಸದೆ ಪ್ರಶ್ನೆಯ ಒಳಗೇ ಇಟ್ಟದ್ದು ಇದರ ಹೆಚ್ಚುಗಾರಿಕೆ. ‘ನಿಮ್ಮ ಹವ್ಯಾಸವೇನು, ನಿಮ್ಮ ಹಬ್ಬ ಯಾವುದು’ ಎಂಬ ಪತ್ರಗಳಲ್ಲೇ ನಿಂತ ಎಷ್ಟೋ ಜೋಡಿಗಳು ಎರಡನೆಯ ಪತ್ರದ ಹೊತ್ತಿಗೆ ಮಾತು ಮುಗಿದು ಬೇರೆಯಾದದ್ದನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ.

ಮಾರ್ಗರೆಟ್ ರೀಲ್ ಆ ಕೊರತೆಗೆ ‘ಕಲಿಕಾ ವೃತ್ತ’ಗಳ ಮೂಲಕ ಪರಿಹಾರ ಹುಡುಕಿದರು. ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಜಾಲದ ಮೇಲೆ ನಡೆದ ಈ ವ್ಯವಸ್ಥೆಯಲ್ಲಿ ಕೆಲವೇ ತರಗತಿಗಳನ್ನು ಒಂದು ಗುಂಪಾಗಿಸಿ, ಕೊನೆಯ ದಿನಾಂಕವನ್ನು ಮೊದಲೇ ಗೊತ್ತುಮಾಡಲಾಗುತ್ತಿತ್ತು. ಪ್ರತಿ ತರಗತಿ ಒಂದು ವಿಷಯದ ಹೊಣೆ ಹೊತ್ತು ಉಳಿದವರಿಂದ ಬರಹ ಕೇಳಬೇಕು. ಉಳಿದವರು ಕೇಳಿದ್ದಕ್ಕೆ ತಾನೂ ಬರೆದುಕೊಡಬೇಕು. ಅವಧಿ ಮುಗಿಯುವಾಗ ಎಲ್ಲ ಸೇರಿ ಒಂದು ಪುಸ್ತಿಕೆ ಹೊರಡಬೇಕು.

ವಿಜ್ಞಾನ ಬೋಧನೆಯಲ್ಲಿ ಹೆಸರಾದದ್ದು ನ್ಯಾಷನಲ್ ಜಿಯಾಗ್ರಫಿಕ್ ಕಿಡ್ಸ್ ನೆಟ್‌ವರ್ಕ್. ಮಸಾಚುಸೆಟ್ಸ್‌ನ ಟರ್ಕ್ ಸಂಸ್ಥೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 1986ರಿಂದ ರೂಪಿಸಿದ ಈ ಪಠ್ಯಕ್ರಮ 1989ರಲ್ಲಿ ಶಾಲೆಗಳಿಗೆ ಬಂತು. ಮಕ್ಕಳು ಮಳೆನೀರು ಹಿಡಿಯುವ ಪಾತ್ರೆಗಳನ್ನು ತಾವೇ ಮಾಡಿ, ಅದರ ಆಮ್ಲತೆಯನ್ನು ಪಿಎಚ್ ಪಟ್ಟಿಯಿಂದ ಅಳೆದು, ಅಂಕಿಗಳನ್ನು ಮೋಡೆಮ್ ಮೂಲಕ ಕೇಂದ್ರದ ಕಂಪ್ಯೂಟರ್‌ಗೆ ಕಳಿಸಿದರು. ಎಲ್ಲ ಶಾಲೆಗಳ ಅಂಕಿಗಳು ಕೂಡಿ ನಕಾಶೆಯಾಗಿ ಮರಳಿ ಬಂದವು. ವೃತ್ತಿನಿರತ ವಿಜ್ಞಾನಿಯೊಬ್ಬರು ಆ ಅಂಕಿಗಳ ಕುರಿತು ಮಕ್ಕಳಿಗೆ ಬರೆಯುತ್ತಿದ್ದರು. ಆಮ್ಲಮಳೆಯ ಬಗ್ಗೆ ವಿಜ್ಞಾನಿಗಳೂ ರಾಜಕಾರಣಿಗಳೂ ವಾದಿಸುತ್ತಿದ್ದ ಕಾಲದಲ್ಲೇ ಹತ್ತು ಹನ್ನೊಂದು ವರ್ಷದ ಮಕ್ಕಳು ಅದನ್ನು ಅಳೆದರು. ಉತ್ತರ ಪಠ್ಯಪುಸ್ತಕದ ಹಿಂದಿನ ಪುಟದಲ್ಲಿ ಇಲ್ಲದ ಪ್ರಶ್ನೆ ಶಾಲೆಯೊಳಗೆ ಬಂದದ್ದು ದೊಡ್ಡ ಸಂಗತಿ.

ಇಂಥ ಯೋಜನೆಗಳ ಅತ್ಯಂತ ಪ್ರಾಮಾಣಿಕ ವಿಮರ್ಶೆ ಬಂದದ್ದೂ ಅವುಗಳನ್ನು ಬಲ್ಲ ವಲಯದಿಂದಲೇ. ಆಲನ್ ಫೆಲ್ಡ್‌ಮನ್, ಕ್ಲಿಫರ್ಡ್ ಕೊನೊಲ್ಡ್, ಬಾಬ್ ಕೌಲ್ಟರ್ 2000ದಲ್ಲಿ ಪ್ರಕಟಿಸಿದ ಗ್ರಂಥ ದಶಕದ ಅನುಭವವನ್ನು ತೂಗಿನೋಡಿತು. ತರಗತಿಗಳು ಹುರುಪಿನಿಂದ ಅಂಕಿಗಳನ್ನು ಕಲೆಹಾಕಿ ಕಳಿಸುತ್ತಿದ್ದವು. ಬಂದ ಅಂಕಿಗಳನ್ನು ಮುಂದಿಟ್ಟುಕೊಂಡು ವಿಶ್ಲೇಷಿಸುವ, ವಾದಿಸುವ ಕೆಲಸಕ್ಕೆ ಬರುವಷ್ಟರಲ್ಲಿ ಸಮಯವೂ ಉತ್ಸಾಹವೂ ಮುಗಿದಿರುತ್ತಿತ್ತು. ದೂರದ ತರಗತಿಯೊಂದಿಗಿನ ಸಂವಾದ ತಾನಾಗಿ ಗಾಢವಾಗುವುದಿಲ್ಲ. ಮೊದಲು ತನ್ನದೇ ಕೊಠಡಿಯೊಳಗೆ ಶಿಕ್ಷಕರು ಚರ್ಚೆಯನ್ನು ಕಟ್ಟಬೇಕು ಎಂಬುದು ಅವರ ನಿಲುವು. ಈ ಕ್ಷೇತ್ರದ ಬಗ್ಗೆ ಬಂದ ಮಾತುಗಳಲ್ಲಿ ಇಷ್ಟು ಉಪಯುಕ್ತವಾದವು ಕಡಿಮೆ. ಟೊರಾಂಟೊದಲ್ಲಿ ಮಾರ್ಲಿನ್ ಸ್ಕಾರ್ಡಮಾಲಿಯ ಮತ್ತು ಕಾರ್ಲ್ ಬರೈಟರ್ 1980ರ ದಶಕದಿಂದ ಬೆಳೆಸಿದ, ಮುಂದೆ ‘ನಾಲೆಜ್ ಫೋರಂ’ ಎಂದು ಹೆಸರಾದ ತಂತ್ರಾಂಶ ಈ ಒಳಗಿನ ಚರ್ಚೆಯನ್ನೇ ಗುರಿಯಾಗಿಸಿಕೊಂಡಿತ್ತು. ಮಕ್ಕಳು ತಮ್ಮ ಊಹೆ, ಸಂದೇಹ, ಆಕ್ಷೇಪಗಳನ್ನು ಬರೆದು ಒಂದಕ್ಕೊಂದು ಕೊಂಡಿ ಹಾಕುತ್ತ ತರಗತಿಯ ಸಾಮೂಹಿಕ ತಿಳಿವನ್ನು ಅದರಲ್ಲಿ ಕಟ್ಟುತ್ತಿದ್ದರು.

ಶೀತಲ ಸಮರದ ಕೊನೆಯ ದಿನಗಳಲ್ಲಿ ಸಹಯೋಗಕ್ಕೆ ಇನ್ನೊಂದು ಅರ್ಥ ಕೂಡಿಕೊಂಡಿತು. 1988ರಲ್ಲಿ ಪೀಟರ್ ಕೋಪನ್ ಎಂಬ ಅಮೆರಿಕನ್ ದಾನಿಯ ಮುಂದಾಳತ್ವದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಸಹಕಾರದೊಂದಿಗೆ, ನ್ಯೂಯಾರ್ಕ್ ರಾಜ್ಯದ 12 ಮತ್ತು ಮಾಸ್ಕೋದ 12 ಶಾಲೆಗಳು ಇಮೇಲ್ ಮೂಲಕ ಕೂಡಿದವು. ಒಬ್ಬರನ್ನೊಬ್ಬರು ಶತ್ರುಗಳೆಂದೇ ಕೇಳಿ ಬೆಳೆದ ಮಕ್ಕಳು ಒಂದೇ ಪಾಠಕ್ಕೆ ಕೂತರು. ಈ ಪ್ರಯೋಗದಿಂದ ಬೆಳೆದ ಐಅರ್ನ್ ಜಾಲ ಇಂದು ಭಾರತವೂ ಸೇರಿ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ರೀಲ್ ಅವರ ಕಲಿಕಾ ವೃತ್ತಗಳೂ ಅಲ್ಲೇ ಮುಂದುವರಿದವು. ನಾರ್ವೆಯ ಒಡ್ ದೆ ಪ್ರೆಸ್ನೊ 1990ರಲ್ಲಿ ಆರಂಭಿಸಿದ ಕಿಡ್‌ಲಿಂಕ್‌ಗೆ ಸೇರಬೇಕಾದ ಮಗು ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು: ನಾನು ಯಾರು, ದೊಡ್ಡವನಾದಾಗ ಏನಾಗಬೇಕು, ಜಗತ್ತು ಹೇಗಿರಬೇಕು, ಅದಕ್ಕಾಗಿ ಈಗ ನಾನೇನು ಮಾಡಬಲ್ಲೆ.

ವೆಬ್ ಬಂದ ಮೇಲೆ ಯೋಜನೆಗಳ ಸಂಖ್ಯೆ ಬೆಳೆಯಿತು. 1995ರಲ್ಲಿ ಬರ್ನಿ ಡಾಜ್ ರೂಪಿಸಿದ, ಜಾಲದ ಮಾಹಿತಿಯಿಂದ ಪ್ರಶ್ನೆಗೆ ಉತ್ತರ ಹುಡುಕಿಸುವ ವೆಬ್‌ಕ್ವೆಸ್ಟ್, ಅದೇ ವರ್ಷ ಆರಂಭವಾದ ಪರಿಸರ ಅಳತೆಯ ಗ್ಲೋಬ್ ಕಾರ್ಯಕ್ರಮ, ಮಕ್ಕಳ ತಂಡಗಳು ಜಾಲತಾಣ ಕಟ್ಟುವ 1996ರ ಥಿಂಕ್‌ಕ್ವೆಸ್ಟ್ ಸ್ಪರ್ಧೆ ಹೆಸರಿಸಬೇಕಾದವು. ಯೂರೋಪಿಯನ್ ಆಯೋಗ 2005ರ ಜನವರಿಯಲ್ಲಿ ಆರಂಭಿಸಿದ ಇಟ್ವಿನಿಂಗ್ ದೀರ್ಘಾಯುಷಿಯಾಯಿತು. ಬೇರೆ ದೇಶದ ಶಿಕ್ಷಕರನ್ನು ಹುಡುಕಿ ಜೋಡಿಯಾಗುವುದಕ್ಕೇ ಅದು ಮೊದಲ ಸ್ಥಾನ ಕೊಟ್ಟಿತು, ದೇಶದೇಶದಲ್ಲೂ ನೆರವಿನ ಕಚೇರಿ ಇಟ್ಟಿತು. ಬಾಳಿಕೆಯ ಗುಟ್ಟು ಇದರಲ್ಲೇ ಇದೆ. ಶಿಕ್ಷಕರ ವೈಯಕ್ತಿಕ ಹುಮ್ಮಸ್ಸಿನ ಮೇಲೆ ನಿಂತ ಕೆಲಸಕ್ಕೆ ಸರ್ಕಾರಗಳು ಇಷ್ಟು ವರ್ಷ ಹಣ ಕೊಟ್ಟದ್ದು ಅಪರೂಪ.

ವಿಕಿಯ ಕಾಲದ ಹೆಸರುವಾಸಿ ಯೋಜನೆಯೊಂದರ ಹಿನ್ನೆಲೆಯಲ್ಲಿ ಬೆಂಗಳೂರಿದೆ. 2004ರಲ್ಲಿ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಇನ್ಫೋಸಿಸ್‌ಗೆ ಬಂದಾಗ ನಂದನ್ ನಿಲೇಕಣಿ ಅವರೊಂದಿಗೆ ನಡೆದ ಮಾತುಕತೆಯಿಂದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದ ಕಲ್ಪನೆ ಹುಟ್ಟಿತು. 2006ರಲ್ಲಿ ಅಮೆರಿಕದ ಜಾರ್ಜಿಯದ ಕ್ಯಾಮಿಲ ಎಂಬ ಸಣ್ಣ ಊರಿನ ಶಿಕ್ಷಕಿ ವಿಕಿ ಡೇವಿಸ್ ಮತ್ತು ಬಾಂಗ್ಲಾದೇಶದ ಢಾಕಾದಲ್ಲಿದ್ದ ಶಿಕ್ಷಕಿ ಜೂಲಿ ಲಿಂಡ್ಸೆ ಆ ಪುಸ್ತಕವನ್ನು ಓದುತ್ತಿದ್ದ ತಮ್ಮ ತರಗತಿಗಳನ್ನು ಕೂಡಿಸಿ ‘ಫ್ಲ್ಯಾಟ್ ಕ್ಲಾಸ್‌ರೂಂ’ ಯೋಜನೆ ನಡೆಸಿದರು. ಒಂದು ತರಗತಿಯ ಒಬ್ಬರಿಗೆ ಇನ್ನೊಂದು ತರಗತಿಯ ಒಬ್ಬರು ಜೊತೆ. ಇಬ್ಬರೂ ಒಂದೇ ವಿಕಿ ಪುಟವನ್ನು ಬರೆಯಬೇಕು. ಒಂದೆಡೆ ಹಗಲಾದಾಗ ಇನ್ನೊಂದೆಡೆ ರಾತ್ರಿಯಾದ್ದರಿಂದ, ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಮರುದಿನ ತಿದ್ದಿ ಬೆಳೆಸುತ್ತಿದ್ದರು. ಗೂಗಲ್ ಡಾಕ್ಸ್ ಬಳಕೆಗೆ ಬಂದದ್ದೂ ಅದೇ ವರ್ಷ. ಜಂಟಿ ಬರವಣಿಗೆ ಮುಂದೆ ಸಾಮಾನ್ಯ ತರಗತಿಗಳ ನಿತ್ಯದ ಸಂಗತಿಯಾಯಿತು.

ಭಾರತದಲ್ಲಿ ವಿಕಿಪೀಡಿಯವನ್ನು ತರಗತಿಗೆ ತರುವ ಮೊದಲ ದೊಡ್ಡ ಯತ್ನ 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ನಡೆದು ಸೋತಿತು. ಅಂಕಕ್ಕಾಗಿ ಬರೆದ ಅನೇಕ ವಿದ್ಯಾರ್ಥಿಗಳು ಪುಸ್ತಕ ಮತ್ತು ಜಾಲತಾಣಗಳಿಂದ ಯಥಾವತ್ತಾಗಿ ನಕಲು ಮಾಡಿದರು. ಅದನ್ನು ಹುಡುಕಿ ಅಳಿಸುವ ಹೊರೆ ಸ್ವಯಂಸೇವಕ ಸಂಪಾದಕರ ಮೇಲೆ ಬಿತ್ತು. ಕೆಲವೇ ತಿಂಗಳಲ್ಲಿ ಯೋಜನೆ ನಿಂತಿತು. ಆಕರವನ್ನು ಓದಿ ಸ್ವಂತ ಮಾತಿನಲ್ಲಿ ಬರೆಯುವುದನ್ನು ಕಲಿಸದೆ ಪ್ರಕಟಣೆಯ ಸಾಧನವನ್ನು ಮಾತ್ರ ಕೈಗಿತ್ತರೆ ಹೀಗಾಗುತ್ತದೆ. 2013ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ನಡೆದ ಕಾರ್ಯಕ್ರಮ ಭಾಷಾ ವಿಭಾಗಗಳನ್ನು ಆಶ್ರಯಿಸಿತು. ಕನ್ನಡವನ್ನು ಭಾಷಾಪಾಠವಾಗಿ ಓದುವ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆದರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ಮೇಲೆ, ಅದರ ಪುಟಗಳನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡುವ ಕೆಲಸಕ್ಕೂ ವಿದ್ಯಾರ್ಥಿಗಳು ಕೈಜೋಡಿಸಿದರು. ದಶಕಗಳ ಕಾಲ ಗ್ರಂಥಾಲಯದ ಕಪಾಟಿನಲ್ಲಿದ್ದ ವಿದ್ವತ್ತು ಹುಡುಕಿದರೆ ಸಿಗುವ ಪಠ್ಯವಾಯಿತು. ಕನ್ನಡದ ಮಟ್ಟಿಗೆ ಇದು ಸಣ್ಣ ಕೆಲಸವಲ್ಲ.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಮೊದಲು ಬಂದ ಕಂಪ್ಯೂಟರ್ ಯೋಜನೆಗಳಲ್ಲಿ ಲ್ಯಾಬಿನ ಹೊಣೆ ಬಹುಪಾಲು ಹೊರಗಿನ ಸಂಸ್ಥೆಗಳ ಬೋಧಕರದಾಗಿತ್ತು. ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರಿಗೂ ಆ ಕೊಠಡಿಗೂ ಸಂಬಂಧವೇ ಇರಲಿಲ್ಲ. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯಂತ್ರಗಳು ಉಳಿದವು. ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟದ್ದು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2011ರಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆ. ತರಬೇತಿಯಲ್ಲಿ ಶಿಕ್ಷಕರು ಉಬುಂಟು, ಜಿಯೋಜೀಬ್ರಾದಂಥ ಸ್ವತಂತ್ರ ತಂತ್ರಾಂಶಗಳನ್ನೂ ಕನ್ನಡ ಟೈಪಿಂಗನ್ನೂ ಕಲಿತರು. ಮರಳಿ ಹೋದಮೇಲೆ ವಿಷಯವಾರು ಇಮೇಲ್ ಗುಂಪುಗಳಲ್ಲಿ ಮಾತು ಮುಂದುವರಿಸಿದರು. ತಾಲ್ಲೂಕಿನ ಅಂಚಿನ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಶಿಕ್ಷಕರಿರುತ್ತಾರೆ. ಪ್ರಮೇಯವೊಂದನ್ನು ಹೇಗೆ ವಿವರಿಸಲಿ ಎಂದು ಕೇಳಲು ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲದವರಿಗೆ ಇಡೀ ರಾಜ್ಯದ ಸಹೋದ್ಯೋಗಿಗಳು ಸಿಕ್ಕರು. ಈ ಬಳಗದಿಂದ ಮೀಡಿಯಾವಿಕಿ ತಂತ್ರಾಂಶದ ಮೇಲೆ ಕಟ್ಟಿದ ಕನ್ನಡ–ಇಂಗ್ಲಿಷ್ ಮುಕ್ತ ಸಂಪನ್ಮೂಲ ತಾಣ ಕೋಯರ್ ಮೂಡಿತು. ಸಿದ್ಧ ಪಾಠಗಳ ಗ್ರಾಹಕರಾಗಿದ್ದ ಶಿಕ್ಷಕರು ಅವುಗಳ ಲೇಖಕರಾದರು. 2017ರಲ್ಲಿ ಬಂದ ಕೇಂದ್ರದ ದೀಕ್ಷಾ ವೇದಿಕೆಯ ತಾಂತ್ರಿಕ ತಳಹದಿಯೂ ಬೆಂಗಳೂರಿನದೇ, ಏಕ್‌ಸ್ಟೆಪ್ ಪ್ರತಿಷ್ಠಾನ ಕಟ್ಟಿದ ಸನ್‌ಬರ್ಡ್. ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ವಿಡಿಯೊ ತಲುಪಿಸುವಲ್ಲಿ ಅದರ ಹರವು ದೊಡ್ಡದು. ಶಾಲೆ–ಶಾಲೆಗಳ ನಡುವಣ ಸಹಯೋಗಕ್ಕೆ ಅದರಲ್ಲಿ ಸಿಕ್ಕ ಜಾಗ ಕಡಿಮೆ.

ಮರಗಳ ಋತುಚಕ್ರವನ್ನು ದಾಖಲಿಸುವ ಸೀಸನ್‌ವಾಚ್, ಮೇಲೆ ಹೇಳಿದ ಕಿಡ್ಸ್ ನೆಟ್‌ವರ್ಕ್‌ನ ಪರಂಪರೆಗೆ ಸೇರಿದ್ದು. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಈ ಯೋಜನೆಯಲ್ಲಿ ಮಕ್ಕಳು ಮಾವು, ಹಲಸು, ಹೊಂಗೆ, ಕಕ್ಕೆಯಂಥ ಮರವೊಂದನ್ನು ಆರಿಸಿಕೊಂಡು ಚಿಗುರು, ಹೂ, ಕಾಯಿಗಳನ್ನು ವಾರವಾರವೂ ನೋಡಿ ಜಾಲಕ್ಕೆ ಸೇರಿಸುತ್ತಾರೆ. ಇದಕ್ಕೆ ಅತಿ ಹೆಚ್ಚು ಅಂಕಿಗಳು ಬಂದಿರುವುದು ಕೇರಳದ ಶಾಲೆಗಳಿಂದ. ವಿಷು ಹಬ್ಬದ ಕಣಿಗೆ ಬೇಕಾದ ಕಕ್ಕೆಹೂ ಹಬ್ಬಕ್ಕೆ ಮೊದಲೇ ಅರಳುತ್ತಿದೆಯೇ ಎಂಬುದು ಅಲ್ಲಿಯ ಮನೆಮನೆಯ ಪ್ರಶ್ನೆ; ಮಕ್ಕಳ ದಾಖಲೆ ಅದರ ಉತ್ತರಕ್ಕೆ ನೇರವಾಗಿ ನೆರವಾಗುತ್ತದೆ.

2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿದಾಗ ಆನ್‌ಲೈನ್ ಸಾಧನಗಳು ಹಿಂದೆಂದೂ ಇಲ್ಲದಷ್ಟು ಹರಡಿದವು, ಆದರೆ ಬಹುತೇಕ ಉಪನ್ಯಾಸ ಒಯ್ಯುವ ಕೊಳವೆಗಳಾಗಿ. ಕರ್ನಾಟಕ ಸರ್ಕಾರ ಆ ಜೂನ್‌ನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು ಮೊಬೈಲ್ ಇಲ್ಲದ, ಸಾಮಾನ್ಯ ಮೊಬೈಲ್ ಇರುವ, ಸ್ಮಾರ್ಟ್‌ಫೋನ್ ಇರುವ ಮಕ್ಕಳನ್ನು ಗುರುತಿಸಿಕೊಂಡು, ಕೇರಿಯ ಮರದಡಿ, ಗುಡಿಯ ಜಗಲಿಗಳಲ್ಲಿ ವಠಾರ ಶಾಲೆ ನಡೆಸಿದರು. ಶಿಕ್ಷಕರಿಗೆ ಸೋಂಕು ತಗುಲಿದ ವರದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಸಾಧನ ಎಲ್ಲರ ಕೈಯಲ್ಲಿಲ್ಲ ಎಂಬುದನ್ನು ಎಣಿಸಿಕೊಂಡೇ ರೂಪಿಸಿದ ಈ ಪ್ರಯತ್ನಕ್ಕೆ ಇತಿಹಾಸದಲ್ಲಿ ಇನ್ನೂ ಸರಿಯಾದ ಮನ್ನಣೆ ಸಿಕ್ಕಿಲ್ಲ.

ಮಕ್ಕಳು ಕೂಡಿ ಮಾಡಿದ ಕೆಲಸವನ್ನು ಉಳಿಸಿಕೊಳ್ಳುವುದರಲ್ಲಿ ಈ ಕ್ಷೇತ್ರ ದುರ್ಬಲವಾಗಿದೆ. ಥಿಂಕ್‌ಕ್ವೆಸ್ಟ್ 2013ರಲ್ಲಿ ಮುಚ್ಚಿತು. ಶಾಲೆಗಳಿಗೆ ಉಚಿತವಾಗಿದ್ದ ವಿಕಿಸ್ಪೇಸಸ್ 2018ರಲ್ಲಿ ಬಾಗಿಲು ಹಾಕಿದಾಗ, ಸಮಯಕ್ಕೆ ಪ್ರತಿ ಇಳಿಸಿಕೊಳ್ಳದ ತರಗತಿಗಳ ಪುಟಗಳು ಅಳಿದವು. ಬ್ರಿಟನ್ನಿನಲ್ಲಿ ಬಿಬಿಸಿ 1986ರಲ್ಲಿ ಸಾವಿರಾರು ಶಾಲೆಗಳ ಮಕ್ಕಳಿಂದ ಊರೂರಿನ ವಿವರ ಬರೆಸಿ ಲೇಸರ್ ತಟ್ಟೆಗಳಲ್ಲಿ ದಾಖಲಿಸಿದ ಡೂಮ್ಸ್‌ಡೇ ಯೋಜನೆ ಹದಿನೈದೇ ವರ್ಷಗಳಲ್ಲಿ ಓದುವ ಯಂತ್ರವಿಲ್ಲದೆ ಕಂಗೆಟ್ಟಿತ್ತು. ತಜ್ಞರು ಅದನ್ನು ಉಳಿಸಿದ ಮೇಲೆ 2011ರಲ್ಲಿ ಆ ಬರಹಗಳು ಜಾಲಕ್ಕೆ ಬಂದವು. ಈಗ ಅವು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ವಶದಲ್ಲಿವೆ.